ಗ್ರೀಕ್ ರುದ್ರನಾಟಕದಲ್ಲಿ ತತ್ತ್ವಜಿಜ್ಞಾಸೆ

ತತ್ತ್ವವಿಚಾರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಏಕಾಂತ. ಮರದ ನೆರಳಿನಲ್ಲಿ ಗುರು, ಅವನ ಹತ್ತಿರ ಒಬ್ಬಿಬ್ಬರು ಶಿಷ್ಯರು, ಮೆಲುದನಿಯ ಪ್ರಶ್ನೋತ್ತರ. ಉಪನಿಷತ್ತುಗಳ ಸಂಸ್ಕಾರದಲ್ಲಿ ಬೆಳೆದ ನಮಗೆ ಇದೇ ಸಹಜವಾದ ಚಿತ್ರ. ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿಯೂ ಪ್ಲೇಟೋ ತನ್ನ ವಿದ್ಯಾಪೀಠವನ್ನು ಸ್ಥಾಪಿಸಿದ್ದು ಊರ ಹೊರಗಿನ ಒಂದು ತೋಪಿನಲ್ಲಿಯೇ. ಆದರೆ ಅದಕ್ಕೆ ಬಹಳ ಮೊದಲಿನಿಂದ, ಕ್ರಿಸ್ತಪೂರ್ವ ಐದನೆಯ ಶತಮಾನದ ಉದ್ದಕ್ಕೂ, ಅದೇ ನಗರದಲ್ಲಿ ಇನ್ನೊಂದು ಬಗೆಯ ವಿಚಾರ ನಡೆಯುತ್ತಿತ್ತು. ನ್ಯಾಯವೆಂದರೇನು? ಸೇಡಿಗೆ ಕೊನೆಯುಂಟೆ? ಅರಸನ ಆಜ್ಞೆ ದೊಡ್ಡದೋ, ಮನೆಯ ಧರ್ಮ ದೊಡ್ಡದೋ? ಗೆದ್ದವನಿಗೆ ಸೋತವನ ಮೇಲೆ ಯಾವ ಹಕ್ಕುಂಟು? ಈ ಪ್ರಶ್ನೆಗಳನ್ನು ಅಲ್ಲಿ ಬಯಲಿನಲ್ಲಿ, ಹಗಲು ಬೆಳಕಿನಲ್ಲಿ, ಸಾವಿರಾರು ಜನರ ಎದುರಿಗೆ ಕೇಳುತ್ತಿದ್ದರು. ಕೇಳುತ್ತಿದ್ದವರು ಕವಿಗಳು, ಕೇಳಿದ ಸ್ಥಳ ನಾಟಕದ ರಂಗ.

ಈ ನಾಟಕಗಳನ್ನು ನಾವು ಕಾವ್ಯಗಳೆಂದು ಓದುತ್ತೇವೆ. ಅದು ಸರಿಯೇ. ಆದರೆ ಅವು ಬರಿಯ ಕಾವ್ಯವಲ್ಲ. ಒಂದು ಊರು ಒಟ್ಟಾಗಿ ಕುಳಿತು ಯೋಚಿಸಿದ ಬಗೆ. ಯೋಚನೆ ಎಂಬುದು ಕೆಲವರ ಸೊತ್ತೋ, ಎಲ್ಲರ ಹೊಣೆಯೋ ಎಂಬ ಪ್ರಶ್ನೆಗೆ ಈ ನಾಟಕಗಳ ಇತಿಹಾಸವೇ ಒಂದು ದೊಡ್ಡ ಸಾಕ್ಷ್ಯ.

ಅಥೆನ್ಸಿನಲ್ಲಿ ಪ್ರತಿ ವರ್ಷ ವಸಂತದ ಆರಂಭದಲ್ಲಿ, ಸುಮಾರು ಮಾರ್ಚಿ ತಿಂಗಳ ಕೊನೆಗೆ, ಡಯೋನಿಸಸ್ ದೇವರ ಮಹೋತ್ಸವ ನಡೆಯುತ್ತಿತ್ತು. ಮೂವರು ಕವಿಗಳು ಸ್ಪರ್ಧಿಸುತ್ತಿದ್ದರು. ಒಬ್ಬೊಬ್ಬ ಕವಿಯೂ ಮೂರು ರುದ್ರನಾಟಕಗಳನ್ನೂ ಕೊನೆಗೊಂದು ವಿನೋದರೂಪಕವನ್ನೂ ಆಡಿಸಬೇಕು. ಮೇಳದ ಖರ್ಚನ್ನು ಒಬ್ಬ ಶ್ರೀಮಂತ ಪೌರನು ಹೊರಬೇಕು. ಅದು ಒಂದು ಬಗೆಯಲ್ಲಿ ತೆರಿಗೆ, ಇನ್ನೊಂದು ಬಗೆಯಲ್ಲಿ ಗೌರವ. ತೀರ್ಪುಗಾರರು ಪಂಡಿತರಲ್ಲ. ನಗರದ ಹತ್ತು ಪಂಗಡಗಳಿಂದ ಒಬ್ಬೊಬ್ಬರಂತೆ ಚೀಟಿ ಎತ್ತಿ ಆರಿಸಿದ ಸಾಮಾನ್ಯ ಪೌರರು. ನಾಟಕ ಆರಂಭವಾಗುವ ಮೊದಲು, ಯುದ್ಧದಲ್ಲಿ ಮಡಿದವರ ಗಂಡುಮಕ್ಕಳನ್ನು, ನಗರವೇ ಸಾಕಿ ದೊಡ್ಡವರನ್ನಾಗಿ ಮಾಡಿದ ಮೇಲೆ, ಕವಚ ತೊಡಿಸಿ ಜನರ ಮುಂದೆ ನಡೆಸುತ್ತಿದ್ದರು. ಅಥೆನ್ಸಿನ ಸಾಮ್ರಾಜ್ಯ ಬೆಳೆದ ದಿನಗಳಲ್ಲಿ ಅಧೀನ ರಾಜ್ಯಗಳಿಂದ ಬಂದ ಕಪ್ಪಕಾಣಿಕೆಯನ್ನೂ ಅಲ್ಲಿಯೇ ಪ್ರದರ್ಶಿಸುತ್ತಿದ್ದರು. ನಗರದ ಹೆಮ್ಮೆಯೆಲ್ಲ ಹೀಗೆ ಕಣ್ಣ ಮುಂದೆ ಹಾದು ಹೋದ ಮೇಲೆ, ಆ ಹೆಮ್ಮೆಯನ್ನು ಅಲುಗಿಸುವಂಥ ನಾಟಕ ಆರಂಭವಾಗುತ್ತಿತ್ತು. ಇದು ನಾವು ಗಮನಿಸಬೇಕಾದ ಮೊದಲನೆಯ ವಿಷಯ.

ಪ್ರೇಕ್ಷಕರು ಎಷ್ಟು ಮಂದಿ? ಹಿಂದಿನ ಪುಸ್ತಕಗಳಲ್ಲಿ ಹದಿನಾಲ್ಕು ಹದಿನೈದು ಸಾವಿರವೆಂದು ಬರೆದಿರುತ್ತಾರೆ. ಅದು ಮುಂದಿನ ಶತಮಾನದಲ್ಲಿ ಕಟ್ಟಿದ ಕಲ್ಲಿನ ರಂಗಮಂದಿರದ ಲೆಕ್ಕ. ಐದನೆಯ ಶತಮಾನದಲ್ಲಿ ಗುಡ್ಡದ ಇಳುಕಲಿನಲ್ಲಿ ಮರದ ಹಲಗೆಗಳ ಮೇಲೆ ಕುಳಿತವರು ಸುಮಾರು ಐದಾರು ಸಾವಿರವಿದ್ದಿರಬೇಕೆಂದು ಈಚಿನ ಶೋಧಕರು ಹೇಳುತ್ತಾರೆ. ಅದೇನೂ ಸಣ್ಣ ಸಂಖ್ಯೆಯಲ್ಲ. ಯುದ್ಧ ಬೇಕೋ ಬೇಡವೋ ಎಂದು ಕೈಯೆತ್ತಿ ನಿರ್ಣಯಿಸುತ್ತಿದ್ದ ಪೌರಸಭೆಯಲ್ಲಿ ಸೇರುತ್ತಿದ್ದವರೂ ಹೆಚ್ಚು ಕಡಮೆ ಅಷ್ಟೇ ಮಂದಿ, ಅದೇ ಜನ: ರೈತರು, ಕುಂಬಾರರು, ಹಡಗಿನಲ್ಲಿ ಹುಟ್ಟು ಹಾಕುವವರು.

ಇನ್ನು ನಾಟಕದ ರೂಪವನ್ನು ನೋಡೋಣ. ಮೊದಲು ಇದ್ದದ್ದು ಮೇಳ ಮತ್ತು ಒಬ್ಬ ನಟ. ಎರಡನೆಯ ನಟನನ್ನು ತಂದವನು ಈಸ್ಕಿಲಸ್, ಮೂರನೆಯವನನ್ನು ತಂದವನು ಸೋಫೋಕ್ಲಿಸ್ ಎಂದು ಅರಿಸ್ಟಾಟಲನು ಹೇಳಿದ್ದಾನೆ. ಇದು ಕೇವಲ ರಂಗದ ಅನುಕೂಲದ ಮಾತೆಂದು ತಿಳಿಯಬಾರದು. ಒಂದೇ ಕೈಯಿಂದ ಚಪ್ಪಾಳೆಯಾಗದು. ಒಬ್ಬನೇ ನಟನಿದ್ದಾಗ ಕಥೆ ಹೇಳಬಹುದು, ಸ್ತುತಿ ಮಾಡಬಹುದು, ವಾದ ಮಾಡಲಾಗದು. ಎರಡನೆಯವನು ಬಂದಾಗ ಮಾತಿಗೆ ಎದುರುಮಾತು ಹುಟ್ಟಿತು. ಮೂರನೆಯವನು ಬಂದಾಗ ಆ ಎರಡನ್ನೂ ಕೇಳಿ ತತ್ತರಿಸುವವನೊಬ್ಬನು ಹುಟ್ಟಿದನು. ಇವರ ಜೊತೆಗೆ ಹನ್ನೆರಡು ಅಥವಾ ಹದಿನೈದು ಜನರ ಮೇಳ. ಅವರು ಊರಿನ ಮುದುಕರೋ ಸೆರೆಸಿಕ್ಕ ಹೆಂಗಸರೋ ಆಗಿ ನಿಂತು, ನಡೆದುದನ್ನು ಕಂಡು ಅಳುತ್ತ, ಸಂದೇಹಪಡುತ್ತ, ಕೆಲವೊಮ್ಮೆ ತಪ್ಪಾಗಿ ತಿಳಿಯುತ್ತ ಹಾಡುತ್ತಾರೆ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವುಂಟು, ಸಿದ್ಧಾಂತವುಂಟು. ಎದುರಾಳಿಯ ವಾದವನ್ನು ಮೊದಲು ಪ್ರಾಮಾಣಿಕವಾಗಿ ಮಂಡಿಸಬೇಕು, ಆಮೇಲೆ ಖಂಡಿಸಬೇಕು, ಕೊನೆಗೆ ತನ್ನ ಸಿದ್ಧಾಂತವನ್ನು ನಿಲ್ಲಿಸಬೇಕು. ಗ್ರೀಕ್ ರುದ್ರನಾಟಕದಲ್ಲಿ ಎರಡು ಪಕ್ಷಗಳೂ ಪೂರ್ಣ ಬಲದಿಂದ ನಿಲ್ಲುತ್ತವೆ. ಸಿದ್ಧಾಂತವನ್ನು ಮಾತ್ರ ಕವಿ ಹೇಳುವುದಿಲ್ಲ. ಅದು ನೋಡಿದವನ ಪಾಲಿಗೆ ಬಿಟ್ಟದ್ದು.

ಕೆಲವು ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ. ಕ್ರಿ. ಪೂ. 480ರಲ್ಲಿ ಪಾರಸಿಕರ ಚಕ್ರವರ್ತಿ ಕ್ಸರ್ಕ್ಸಸ್ ಅಥೆನ್ಸನ್ನು ಹೊಕ್ಕು, ಕೋಟೆಗುಡ್ಡದ ಮೇಲಿನ ದೇವಾಲಯಗಳನ್ನು ಸುಟ್ಟನು. ಅದೇ ವರ್ಷ ಸಲಾಮಿಸ್ ಎಂಬಲ್ಲಿ ಅವನ ನೌಕಾಪಡೆ ಸೋತು ಚೂರಾಯಿತು. ಎಂಟು ವರ್ಷದ ತರುವಾಯ, 472ರಲ್ಲಿ, ಈಸ್ಕಿಲಸನು ‘ಪಾರಸಿಕರು’ ಎಂಬ ನಾಟಕವನ್ನು ಆಡಿಸಿದನು. ಈಸ್ಕಿಲಸನು ಕುಳಿತು ಬರೆದ ಕವಿ ಮಾತ್ರವಲ್ಲ; 490ರಲ್ಲಿ ಮ್ಯಾರಥಾನ್ ರಣರಂಗದಲ್ಲಿ ಇದೇ ಪಾರಸಿಕರೊಡನೆ ಕಾದಾಡಿದ ಯೋಧ. ಅಂಥವನು ಬರೆದ ನಾಟಕದಲ್ಲಿ ಗ್ರೀಕರ ಜಯಘೋಷವನ್ನು ನಿರೀಕ್ಷಿಸಬೇಕಷ್ಟೆ. ಆದರೆ ನಾಟಕ ನಡೆಯುವುದು ಶತ್ರುವಿನ ರಾಜಧಾನಿಯಾದ ಸೂಸಾದಲ್ಲಿ. ಅಲ್ಲಿನ ವೃದ್ಧ ಮಂತ್ರಿಗಳು ಸುದ್ದಿಗಾಗಿ ಕಾದಿದ್ದಾರೆ. ರಾಜಮಾತೆ ಕೆಟ್ಟ ಕನಸು ಕಂಡು ಕಳವಳಗೊಂಡಿದ್ದಾಳೆ. ದೂತನು ಬಂದು ಸೋಲಿನ ವಾರ್ತೆಯನ್ನು ಹೇಳುತ್ತಾನೆ. ಸತ್ತ ಪಾರಸಿಕ ನಾಯಕರ ಹೆಸರುಗಳು ಒಂದೊಂದಾಗಿ ಬರುತ್ತವೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ಇಡೀ ನಾಟಕದಲ್ಲಿಲ್ಲ. ಕೊನೆಗೆ ಕ್ಸರ್ಕ್ಸಸ್ ಹರಿದ ಬಟ್ಟೆಯಲ್ಲಿ ಬಂದು ಗೋಳಾಡುತ್ತಾನೆ.

ಪ್ರೇಕ್ಷಕರು ಕುಳಿತಿದ್ದ ಸ್ಥಳವನ್ನು ನೆನೆಯಬೇಕು. ಅದು ಅದೇ ಕೋಟೆಗುಡ್ಡದ ದಕ್ಷಿಣದ ಇಳುಕಲು. ಅವರ ತಲೆಯ ಮೇಲುಗಡೆ, ಪಾರಸಿಕರು ಸುಟ್ಟ ದೇವಾಲಯಗಳು ಇನ್ನೂ ಹಾಳಾಗಿಯೇ ಇದ್ದವು; ಪಾರ್ಥೆನಾನ್ ಕಟ್ಟಡಕ್ಕೆ ಕೈಹಾಕಿದ್ದು 447ರಲ್ಲಿ. ಆ ಪಾಳಿನ ಕೆಳಗೆ ಕುಳಿತು, ಸುಟ್ಟವನ ತಾಯಿಯ ಕಣ್ಣೀರನ್ನು ಅವರು ನೋಡಿದರು, ಕವಿಗೆ ಮೊದಲನೆಯ ಬಹುಮಾನವನ್ನೂ ಕೊಟ್ಟರು. ಮಿತಿ ಮೀರಿದವನು ಬೀಳುವನು ಎಂಬ ನಿಯಮ ಪಾರಸಿಕರಿಗೆ ಮಾತ್ರವೋ, ಎಲ್ಲರಿಗೂ ಉಂಟೋ? ಈ ಪ್ರಶ್ನೆಯನ್ನು ನಾಟಕ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಆ ಹೊತ್ತಿಗೆ ಅಥೆನ್ಸ್ ತಾನೇ ಒಂದು ಸಾಮ್ರಾಜ್ಯವಾಗುವ ಹಾದಿ ಹಿಡಿದಿತ್ತು.

ಇದೇ ಕವಿ 458ರಲ್ಲಿ ‘ಓರೆಸ್ಟಿಯ’ ಎಂಬ ನಾಟಕತ್ರಯವನ್ನು ಆಡಿಸಿದನು. ಯುದ್ಧಕ್ಕೆ ಹೊರಡಲು ಗಾಳಿ ಬೀಸಲೆಂದು ಅಗಮೆಮ್ನನ್ ರಾಜನು ಮಗಳನ್ನು ಬಲಿಗೊಟ್ಟನು. ಅದಕ್ಕಾಗಿ ಹೆಂಡತಿ ಅವನನ್ನು ಕೊಂದಳು. ತಂದೆಯನ್ನು ಕೊಂದುದಕ್ಕಾಗಿ ಮಗ ಓರೆಸ್ಟಿಸ್ ತಾಯಿಯನ್ನು ಕೊಂದನು. ತಾಯಿಯ ರಕ್ತಕ್ಕೆ ಸೇಡು ತೀರಿಸಲು ಉಗ್ರದೇವತೆಗಳು ಅವನನ್ನು ಬೆನ್ನಟ್ಟಿದರು. ಒಂದೊಂದು ಕೊಲೆಗೂ ನ್ಯಾಯದ ಹೆಸರಿದೆ. ಆದರೂ ಕೊಲೆಗೆ ಕೊನೆಯಿಲ್ಲ. ಮೂರನೆಯ ನಾಟಕದಲ್ಲಿ ಅಥೀನಾ ದೇವಿಯು ತಾನೊಬ್ಬಳೇ ಈ ವ್ಯಾಜ್ಯವನ್ನು ತೀರಿಸಲೊಲ್ಲದೆ, ಅಥೆನ್ಸಿನ ಪೌರರನ್ನು ಕೂಡಿಸಿ ಆರಿಯೋಪಾಗಸ್ ಗುಡ್ಡದ ಮೇಲೆ ನ್ಯಾಯಸಭೆಯನ್ನು ಸ್ಥಾಪಿಸುತ್ತಾಳೆ. ಮತಗಳು ಸಮಸಮವಾಗುತ್ತವೆ, ಸಮವಾದರೆ ಬಿಡುಗಡೆಯೆಂಬ ನಿಯಮದಂತೆ ಓರೆಸ್ಟಿಸ್ ಪಾರಾಗುತ್ತಾನೆ.

ಮತಗಳು ಸಮವಾದವು ಎಂಬುದೇ ಇಲ್ಲಿನ ಮರ್ಮ. ಒಂದು ಪಕ್ಷ ಪೂರ್ತಿ ಸರಿ, ಇನ್ನೊಂದು ಪೂರ್ತಿ ತಪ್ಪು ಎಂದು ಕವಿ ಹೇಳಲಿಲ್ಲ. ಸೋತ ಉಗ್ರದೇವತೆಗಳನ್ನು ಓಡಿಸುವುದಿಲ್ಲ; ದೇವಿಯು ಅವರನ್ನು ತಾಳ್ಮೆಯಿಂದ ಒಲಿಸಿ, ನಗರದಲ್ಲಿಯೇ ನೆಲೆ ಕೊಟ್ಟು ಪೂಜೆಗೆ ಪಾತ್ರರನ್ನಾಗಿ ಮಾಡುತ್ತಾಳೆ. ನಾಟಕಕ್ಕೆ ನಾಲ್ಕು ವರ್ಷ ಮೊದಲು, 462ರಲ್ಲಿ, ಎಫಿಯಾಲ್ಟಿಸ್ ಎಂಬ ನಾಯಕನು ಇದೇ ಆರಿಯೋಪಾಗಸ್ ಸಭೆಯ ರಾಜಕೀಯ ಅಧಿಕಾರಗಳನ್ನು ಕಿತ್ತು, ಕೊಲೆಯ ಮೊಕದ್ದಮೆಗಳೇ ಮೊದಲಾದ ಕೆಲವನ್ನು ಮಾತ್ರ ಉಳಿಸಿದ್ದನು. ಆಮೇಲೆ ಅವನೇ ಕೊಲೆಯಾದನು. ನಗರ ಇಬ್ಭಾಗವಾಗುವ ಭಯವಿದ್ದ ಕಾಲ ಅದು. ಗೆದ್ದವರು ಸೋತವರನ್ನು ಏನು ಮಾಡಬೇಕು ಎಂಬುದು ಆ ಪ್ರೇಕ್ಷಕರಿಗೆ ಪುರಾಣದ ಪ್ರಶ್ನೆಯಾಗಿರಲಿಲ್ಲ.

ಸೋಫೋಕ್ಲಿಸನ ‘ಆಂಟಿಗೊನೆ’ ಸುಮಾರು 441ರ ನಾಟಕ. ಥೀಬ್ಸ್ ನಗರದ ಇಬ್ಬರು ರಾಜಕುಮಾರರು ಸಿಂಹಾಸನಕ್ಕಾಗಿ ಹೊಡೆದಾಡಿ ಒಬ್ಬರನ್ನೊಬ್ಬರು ಕೊಂದರು. ಪಟ್ಟವೇರಿದ ಸೋದರಮಾವ ಕ್ರಿಯಾನನು, ನಗರವನ್ನು ಕಾಯ್ದವನಿಗೆ ವಿಧಿಪೂರ್ವಕ ಸಂಸ್ಕಾರ, ದಂಡೆತ್ತಿ ಬಂದವನ ಶವಕ್ಕೆ ಹಿಡಿ ಮಣ್ಣೂ ಇಲ್ಲ, ಎಂದು ಆಜ್ಞೆ ಮಾಡಿದನು. ತಂಗಿ ಆಂಟಿಗೊನೆ ಆಜ್ಞೆಯನ್ನು ಮೀರಿ ಅಣ್ಣನಿಗೆ ಮಣ್ಣು ಕೊಟ್ಟಳು; ಸಿಕ್ಕಿಬಿದ್ದಳು; ಯಾರೂ ಬರೆದಿಡದಿದ್ದರೂ ಎಂದಿಗೂ ಅಳಿಯದ ದೇವರ ಧರ್ಮವೊಂದಿದೆ, ಅದರ ಮುಂದೆ ನಿನ್ನ ಆಜ್ಞೆ ಸಲ್ಲದು ಎಂಬ ಅರ್ಥದಲ್ಲಿ ವಾದಿಸಿದಳು.

ನಮಗೆ ಈಗ ಕ್ರಿಯಾನನು ಬರಿಯ ದುಷ್ಟನಂತೆ ತೋರುತ್ತಾನೆ. ಅಂದಿನ ಪ್ರೇಕ್ಷಕನಿಗೆ ಅಷ್ಟು ಸುಲಭವಾಗಿರಲಿಲ್ಲ. ದೇಶದ್ರೋಹಿಯನ್ನು ತಮ್ಮ ನೆಲದಲ್ಲಿ ಹೂಳಬಾರದೆಂಬ ಕಟ್ಟಳೆ ಅಥೆನ್ಸಿನಲ್ಲಿಯೂ ಇತ್ತು. ನಾಟಕದ ಆರಂಭದಲ್ಲಿ ಕ್ರಿಯಾನನು ರಾಜ್ಯವೆಂಬುದು ನಮ್ಮೆಲ್ಲರನ್ನೂ ಹೊತ್ತ ಹಡಗು, ಅದಕ್ಕಿಂತ ಸ್ನೇಹವನ್ನು ಹೆಚ್ಚೆಂದು ಬಗೆದವನು ನಿಷ್ಪ್ರಯೋಜಕ ಎಂಬಂತೆ ಭಾಷಣ ಮಾಡುತ್ತಾನೆ. ಸುಮಾರು ನೂರು ವರ್ಷಗಳ ತರುವಾಯ, 343ರಲ್ಲಿ, ಡೆಮೊಸ್ತನೀಸ್ ಎಂಬ ಪ್ರಖ್ಯಾತ ವಾಗ್ಮಿಯು ನ್ಯಾಯಸ್ಥಾನದಲ್ಲಿ ತನ್ನ ಎದುರಾಳಿಯನ್ನು ಖಂಡಿಸುವಾಗ ಇದೇ ಭಾಷಣವನ್ನು ಓದಿಸಿ, ಪೌರನಾದವನು ಹೀಗೆ ನಡೆಯಬೇಕೆಂದು ಎತ್ತಿ ಹಿಡಿದನು! ಮಾತು ಒಳ್ಳೆಯದೇ. ಆ ಒಳ್ಳೆಯ ಮಾತಿನಿಂದ ಹೊರಟವನು ಎಲ್ಲಿಗೆ ಬಂದು ಮುಟ್ಟಿದನು ಎಂಬುದನ್ನೇ ನಾಟಕ ತೋರಿಸುತ್ತದೆ. ಹೆಣ್ಣುಮಗಳನ್ನು ಜೀವಂತ ಗುಹೆಯಲ್ಲಿ ಮುಚ್ಚಿಸಿದನು; ಅವಳನ್ನು ವರಿಸಬೇಕಾಗಿದ್ದ ಸ್ವಂತ ಮಗನೂ, ಮಗನ ದುಃಖದಲ್ಲಿ ಹೆಂಡತಿಯೂ ಸತ್ತರು.

ಮಗ ಹೀಮನ್ ಸಾಯುವ ಮೊದಲು ತಂದೆಗೆ ಬುದ್ಧಿ ಹೇಳಲು ಯತ್ನಿಸುತ್ತಾನೆ. ಅವನು ಆಂಟಿಗೊನೆಯ ದೈವಧರ್ಮವನ್ನು ಮುಂದಿಟ್ಟು ವಾದಿಸುವುದಿಲ್ಲ. ಊರಿನ ಜನ ಗುಟ್ಟಾಗಿ ಏನು ಹೇಳುತ್ತಿದ್ದಾರೆಂಬುದನ್ನು ತಿಳಿಸುತ್ತಾನೆ; ನೆರೆಯಲ್ಲಿ ಬಾಗುವ ಮರ ಉಳಿಯುವುದೆಂಬ ದೃಷ್ಟಾಂತ ಕೊಡುತ್ತಾನೆ; ಒಬ್ಬನ ಸೊತ್ತಾದ ಊರು ಊರೇ ಅಲ್ಲವೆಂದು ಎಚ್ಚರಿಸುತ್ತಾನೆ. ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ನಂಬಿದವನಿಗೆ ಆ ಮಾತು ಕೇಳಿಸಲಿಲ್ಲ. ಜರ್ಮನ್ ತತ್ತ್ವಜ್ಞ ಹೆಗೆಲ್ (1770–1831) ಈ ನಾಟಕವನ್ನು ಕುರಿತು, ಇಲ್ಲಿನ ಸಂಘರ್ಷ ಸರಿಗೂ ತಪ್ಪಿಗೂ ಅಲ್ಲ, ಎರಡು ಸರಿಗಳ ನಡುವೆ ಎಂಬ ಅಭಿಪ್ರಾಯವನ್ನು ಬೆಳೆಸಿದನು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ; ನಾಟಕದ ಕೊನೆಯಲ್ಲಿ ದೈವವು ಆಂಟಿಗೊನೆಯ ಕಡೆಗೇ ವಾಲುತ್ತದೆ. ಆದರೂ ತನ್ನ ಪಕ್ಷ ಸರಿಯಾಗಿದ್ದ ಮಾತ್ರಕ್ಕೆ ಇನ್ನೊಬ್ಬರ ಮಾತನ್ನು ಕೇಳಬೇಕಾಗಿಲ್ಲ ಎಂಬ ಭಾವನೆಯೇ ವಿನಾಶದ ಬೀಜ ಎಂಬುದನ್ನು ಈ ನಾಟಕದಷ್ಟು ತೀಕ್ಷ್ಣವಾಗಿ ತೋರಿಸಿದ ಕೃತಿ ವಿರಳ. ಸೋಫೋಕ್ಲಿಸನೂ ರಾಜ್ಯಭಾರವನ್ನು ದೂರದಿಂದ ನೋಡಿದವನಲ್ಲ. ಸಾಮೋಸ್ ದ್ವೀಪದ ದಂಗೆಯ ಕಾಲದಲ್ಲಿ, ಸುಮಾರು 440ರಲ್ಲಿ, ಅವನು ಅಥೆನ್ಸಿನ ದಂಡನಾಯಕರಲ್ಲೊಬ್ಬನಾಗಿದ್ದನು.

ಮೂರನೆಯ ಮಹಾಕವಿ ಯೂರಿಪಿಡಿಸ್. ಅಥೆನ್ಸ್ ಸ್ಪಾರ್ಟಾಗಳ ನಡುವಿನ ದೀರ್ಘ ಯುದ್ಧದಲ್ಲಿ ಮೀಲಾಸ್ ಎಂಬ ಸಣ್ಣ ದ್ವೀಪ ತಟಸ್ಥವಾಗಿರಬಯಸಿತು. 416ರಲ್ಲಿ ಅಥೆನ್ಸ್ ಅದನ್ನು ಮುತ್ತಿತು. ಚಳಿಗಾಲದಲ್ಲಿ ದ್ವೀಪ ಶರಣಾಯಿತು. ವಯಸ್ಸಿಗೆ ಬಂದ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರಿದರು. ಮರುವಸಂತದಲ್ಲಿ, 415ರಲ್ಲಿ, ಯೂರಿಪಿಡಿಸನ ‘ಟ್ರಾಯ್ ನಗರದ ಹೆಂಗಸರು’ ರಂಗವನ್ನೇರಿತು. ಗ್ರೀಕರು ಗೆದ್ದ ಟ್ರಾಯ್‌ನಲ್ಲಿ ಗಂಡಸರೆಲ್ಲ ಸತ್ತಿದ್ದಾರೆ. ರಾಣಿ ಹೆಕ್ಯುಬ ನೆಲದ ಮೇಲೆ ಬಿದ್ದಿದ್ದಾಳೆ. ಯಾರು ಯಾರ ದಾಸಿಯಾಗಬೇಕೆಂದು ಹಂಚಿಕೆ ನಡೆಯುತ್ತಿದೆ. ಅವಳ ಮೊಮ್ಮಗನನ್ನು, ಇನ್ನೂ ಎಳೆಯ ಕೂಸನ್ನು, ಮುಂದೆ ಬೆಳೆದು ಶತ್ರುವಾದಾನೆಂದು ಗ್ರೀಕರು ಕೋಟೆಗೋಡೆಯಿಂದ ಕೆಳಕ್ಕೆ ಎಸೆಯುತ್ತಾರೆ. ಅಜ್ಜಿ ಅದರ ದೇಹವನ್ನು ಅದರ ತಂದೆಯ ಗುರಾಣಿಯಲ್ಲಿಟ್ಟು ಮಣ್ಣಿಗೆ ಕಳುಹಿಸುತ್ತಾಳೆ. ಮೀಲಾಸ್ ಬಿದ್ದ ಮೇಲೆ ಇಂಥ ನಾಟಕವನ್ನು ಹೊಸದಾಗಿ ಬರೆದು ಕಲಿಸುವಷ್ಟು ಕಾಲವಿರಲಿಲ್ಲವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇರಬಹುದು. ಆದರೆ ನೋಡುತ್ತ ಕುಳಿತವರಲ್ಲಿ ಮೀಲಾಸ್‌ಗೆ ಹೋಗಿ ಬಂದ ಸೈನಿಕರೂ ಇದ್ದಿರಲೇಬೇಕು. ಗ್ರೀಕರೇ ಗ್ರೀಕರನ್ನು ಈ ಬೆಳಕಿನಲ್ಲಿ ನೋಡಬೇಕಾಯಿತು.

ಇದರ ಫಲವೇನು? ನಾಟಕಕ್ಕೆ ಎರಡನೆಯ ಬಹುಮಾನ ಬಂತು. ಅದೇ ಬೇಸಗೆಯಲ್ಲಿ ಅಥೆನ್ಸಿನ ಜನ ಸಿಸಿಲಿಯನ್ನು ಗೆಲ್ಲುವ ಆಸೆಯಿಂದ ಮಹಾ ನೌಕಾಪಡೆಯೊಂದನ್ನು ಕಳುಹಿಸಿದರು. 413ರಲ್ಲಿ ಅದು ನಾಶವಾಯಿತು. 404ರಲ್ಲಿ ಅಥೆನ್ಸೇ ಸ್ಪಾರ್ಟಾಕ್ಕೆ ಶರಣಾಯಿತು. ನಾಟಕ ನೋಡಿ ಅತ್ತವರ ಕಣ್ಣೀರು ಪೌರಸಭೆಯಲ್ಲಿ ಎತ್ತಿದ ಕೈಯನ್ನು ತಡೆಯಲಿಲ್ಲ. ಈ ಕಟುಸತ್ಯವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಇನ್ನೊಂದು ಕೊರತೆಯನ್ನೂ ಹೇಳಬೇಕು. ಆಂಟಿಗೊನೆ, ಹೆಕ್ಯುಬರ ಬಾಯಲ್ಲಿ ಇಷ್ಟು ದೊಡ್ಡ ಮಾತುಗಳನ್ನಾಡಿಸಿದ ನಗರದಲ್ಲಿ ಆ ಪಾತ್ರಗಳನ್ನು ವಹಿಸುತ್ತಿದ್ದವರು ಮುಖವಾಡ ಧರಿಸಿದ ಗಂಡಸರು. ಹೆಂಗಸರಿಗೆ ಪೌರಸಭೆಯಲ್ಲಿ ಸ್ಥಾನವಿರಲಿಲ್ಲ. ದಾಸರಂತೂ ಲೆಕ್ಕಕ್ಕೇ ಇರಲಿಲ್ಲ. ರಂಗದ ಮೇಲೆ ಮಾತು ಪಡೆದವರು ರಂಗದ ಹೊರಗೆ ಮೌನವಾಗಿಯೇ ಉಳಿದರು.

ಪ್ಲೇಟೋವಿನ ಆಕ್ಷೇಪವನ್ನು ಅರ್ಥಮಾಡಿಕೊಳ್ಳಬೇಕಾದುದು ಈ ಹಿನ್ನೆಲೆಯಲ್ಲಿ. ಅವನ ಗುರು ಸಾಕ್ರಟೀಸನನ್ನು 423ರಲ್ಲಿ ಅರಿಸ್ಟೋಫನೀಸನು ‘ಮೋಡಗಳು’ ಎಂಬ ಪ್ರಹಸನದಲ್ಲಿ ಹಾಸ್ಯಕ್ಕೆ ಗುರಿಮಾಡಿದ್ದನು. 399ರಲ್ಲಿ ನೂರಾರು ಪೌರರು ಕೂಡಿದ ನ್ಯಾಯಸ್ಥಾನ ಆ ಸಾಕ್ರಟೀಸನಿಗೇ ಮರಣದಂಡನೆ ವಿಧಿಸಿತು. ಗುಂಪಿನ ಭಾವಾವೇಶದಲ್ಲಿ ಪ್ಲೇಟೋವಿಗೆ ನಂಬಿಕೆ ಹೋದದ್ದು ಆಶ್ಚರ್ಯವಲ್ಲ. ನಾಟಕವು ತೋರಿಸುವುದು ಸತ್ಯದ ನೆರಳನ್ನು; ನಾವು ಅದುಮಿಡಬೇಕಾದ ಶೋಕ ಕೋಪಗಳಿಗೆ ಅದು ನೀರೆರೆಯುತ್ತದೆ; ಆದ್ದರಿಂದ ಆದರ್ಶರಾಜ್ಯದಲ್ಲಿ ಅಂಥ ಕವಿಗಳಿಗೆ ಎಡೆಯಿಲ್ಲ ಎಂದು ಅವನು ‘ರಿಪಬ್ಲಿಕ್’ ಗ್ರಂಥದಲ್ಲಿ ವಾದಿಸಿದನು. ಕಾವ್ಯಕ್ಕೂ ತತ್ತ್ವಶಾಸ್ತ್ರಕ್ಕೂ ಹಳೆಯ ಜಗಳವುಂಟು ಎಂಬುದು ಅವನದೇ ಮಾತಿನ ತಾತ್ಪರ್ಯ. ತನ್ನ ಕ್ಷೇತ್ರದಲ್ಲಿ ಸಮಬಲನಾದ ಪ್ರತಿಸ್ಪರ್ಧಿಯೊಡನೆ ಮಾತ್ರ ಇಂಥ ಜಗಳ ಸಾಧ್ಯ. ನಾಟಕ ಬರಿಯ ವಿನೋದವಾಗಿದ್ದರೆ ಪ್ಲೇಟೋ ಅದಕ್ಕೆ ಇಷ್ಟು ಹೆದರಬೇಕಾಗಿರಲಿಲ್ಲ. ಇನ್ನೂ ಸ್ವಾರಸ್ಯವೇನೆಂದರೆ, ಅವನು ತನ್ನ ತತ್ತ್ವವನ್ನು ಬರೆದದ್ದೂ ಸಂಭಾಷಣೆಯ ರೂಪದಲ್ಲಿಯೇ. ಯುವಕನಾಗಿದ್ದಾಗ ಅವನು ರುದ್ರನಾಟಕ ಬರೆದು, ಸಾಕ್ರಟೀಸನ ಮಾತು ಕೇಳಿ ಸುಟ್ಟನೆಂಬ ಐತಿಹ್ಯವೂ ಉಂಟು. ಹಸ್ತಪ್ರತಿ ಸುಟ್ಟಿರಬಹುದು, ವಿದ್ಯೆ ಸುಡಲಿಲ್ಲ.

ಪ್ಲೇಟೋವಿನ ಶಿಷ್ಯ ಅರಿಸ್ಟಾಟಲ್ ಗುರುವಿನ ಮಾತನ್ನು ಒಪ್ಪಲಿಲ್ಲ. ಚರಿತ್ರೆ ನಡೆದುದನ್ನು ಹೇಳುತ್ತದೆ, ಕಾವ್ಯ ನಡೆಯಬಹುದಾದುದನ್ನು ಹೇಳುತ್ತದೆ. ಆದ್ದರಿಂದ ಕಾವ್ಯವೇ ತತ್ತ್ವಕ್ಕೆ ಹೆಚ್ಚು ಸಮೀಪ ಎಂಬುದು ಅವನ ‘ಕಾವ್ಯಮೀಮಾಂಸೆ’ಯ ನಿಲುವು. ಕರುಣ ಭಯಾನಕಗಳನ್ನು ಎಬ್ಬಿಸಿ ಅವುಗಳನ್ನು ಶೋಧಿಸುವುದೇ ರುದ್ರನಾಟಕದ ಪರಿಣಾಮವೆಂದು ಅವನು ಹೇಳಿದನು. ಈ ‘ಕಥಾರ್ಸಿಸ್’ ಎಂದರೇನೆಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಒಂದು ಮಾತು ಮಾತ್ರ ಸ್ಪಷ್ಟ: ಅವನ ದೃಷ್ಟಿಯಲ್ಲಿ ಮರುಕಗೊಳ್ಳುವುದೂ ತಿಳಿಯುವ ಒಂದು ದಾರಿ. ಈ ಅಳಿವು ನನಗೂ ಬರಬಹುದೆಂದು ಅರಿತವನೇ ಭಯಪಡುವನು. ಇವನು ಇಷ್ಟಕ್ಕೆ ಅರ್ಹನಲ್ಲವೆಂದು ತೂಗಿದವನೇ ಕರುಣೆಪಡುವನು. ಎರಡರಲ್ಲಿಯೂ ವಿವೇಕದ ಕೆಲಸವಿದೆ.

ಕನ್ನಡಕ್ಕೆ ಈ ರುದ್ರದೃಷ್ಟಿಯನ್ನು ತಂದವರು ಬಿ. ಎಂ. ಶ್ರೀಕಂಠಯ್ಯನವರು. ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ವಸ್ತುವಿಗೆ ಒಗ್ಗಿಸಿ 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಬರೆದರು. 1935ರಲ್ಲಿ ಈಸ್ಕಿಲಸನ ‘ಪಾರಸಿಕರು’ ನಾಟಕವನ್ನು ಅನುವಾದಿಸಿದರು. ಚಿರಂಜೀವಿಯೆಂದು ನಾವು ನಂಬಿದ ಅಶ್ವತ್ಥಾಮನು ರಂಗದ ಮೇಲೆ ಸಾಯುವುದು ನಮ್ಮ ಸಂಪ್ರದಾಯಕ್ಕೆ ದೊಡ್ಡ ಆಘಾತ. ಭರತಮುನಿಯೂ ನಾಟ್ಯವನ್ನು ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೆಂದು ಕರೆದನು. ಆದರೆ ನಮ್ಮ ಸಂಸ್ಕೃತ ನಾಟಕ ಸಾಮಾನ್ಯವಾಗಿ ಕಷ್ಟಗಳನ್ನು ದಾಟಿ ಮಂಗಳದಲ್ಲಿ ಮುಗಿಯುತ್ತದೆ, ರಸಾನಂದದಲ್ಲಿ ಸಹೃದಯನನ್ನು ನಿಲ್ಲಿಸುತ್ತದೆ. ಗ್ರೀಕ್ ನಾಟಕ ಪ್ರಶ್ನೆಯನ್ನು ಕೊಟ್ಟು ಮನೆಗೆ ಕಳುಹಿಸುತ್ತದೆ. ಯಾವುದು ಮೇಲು ಎಂಬ ವಿವಾದ ಬೇಕಾಗಿಲ್ಲ. ಎರಡೂ ನಮಗೆ ಬೇಕು. ಮುಂದೆ ಪಿ. ಲಂಕೇಶರೂ ಸೋಫೋಕ್ಲಿಸನ ಈಡಿಪಸ್ ದೊರೆಯನ್ನು ಕನ್ನಡದಲ್ಲಿ ಮಾತನಾಡಿಸಿದರು.

ಈಸ್ಕಿಲಸ್, ಸೋಫೋಕ್ಲಿಸ್, ಯೂರಿಪಿಡಿಸ್ ಮೂವರೂ ಸೇರಿ ಬರೆದದ್ದು ಇನ್ನೂರೈವತ್ತಕ್ಕೂ ಹೆಚ್ಚು ನಾಟಕಗಳೆಂದು ಹೇಳುತ್ತಾರೆ. ಇವರ ಹೆಸರಿನಲ್ಲಿ ಪೂರ್ಣವಾಗಿ ಉಳಿದಿರುವುದು ಮೂವತ್ತಮೂರು ಮಾತ್ರ. ಅವು ಅಥೆನ್ಸನ್ನು ಉಳಿಸಲಿಲ್ಲ, ನಿಜ. ಆದರೆ ವಿಚಾರವು ಜನರನ್ನು ತಪ್ಪಿನಿಂದ ಬಲವಂತವಾಗಿ ತಡೆಯುವ ಕಾವಲುಗಾರನಲ್ಲ. ತಪ್ಪನ್ನು ತಪ್ಪೆಂದು ಗುರುತಿಸಲು ಬೇಕಾದ ಕಣ್ಣು. ಶತ್ರುವಿನ ತಾಯಿ ಅಳುವುದನ್ನು ನೋಡಬಲ್ಲ ಕಣ್ಣು, ತನ್ನ ಸೈನ್ಯ ಸೆರೆಹಿಡಿದ ಹೆಂಗಸನ್ನು ಹೆಂಗಸೆಂದು ಕಾಣಬಲ್ಲ ಕಣ್ಣು. ಆ ಕಣ್ಣನ್ನು ಕೆಲವರಿಗೆ ಮಾತ್ರ ಕೊಟ್ಟು ಉಳಿದವರನ್ನು ಅವರ ಹಿಂದೆ ನಡೆಯಿರೆಂದು ಹೇಳಬಹುದಿತ್ತು; ಪ್ಲೇಟೋ ಹಾಗೆಯೇ ಹೇಳಿದನು. ರುದ್ರಕವಿಗಳು ಮಾತ್ರ ಕುಂಬಾರನನ್ನೂ ಅಂಬಿಗನನ್ನೂ ಕೂಡಿಸಿ, ನೀನೇ ನೋಡು, ನೀನೇ ತೂಗು, ಎಂದು ಅವರ ಕೈಗೇ ತಕ್ಕಡಿಯನ್ನು ಕೊಟ್ಟರು. ತಕ್ಕಡಿ ಹಿಡಿದ ಕೈ ಕೆಲವೊಮ್ಮೆ ನಡುಗಿತು, ಕೆಲವೊಮ್ಮೆ ತಪ್ಪಿತು. ಜನರೇ ತಮ್ಮ ರಾಜ್ಯವನ್ನು ಆಳಿಕೊಳ್ಳಬೇಕೆಂದು ಹೊರಟ ಯಾವ ನಾಡಿಗೂ ಆ ತಕ್ಕಡಿಯನ್ನು ಕೆಳಗಿಡುವ ಸ್ವಾತಂತ್ರ್ಯವಿಲ್ಲ.